ಟೆಕ್ ಕಟ್ಟೆ: ಇಮೇಲ್ ಮೇಲೆ ಆಪ್ ಕಟ್ಟೋದು

ಹೊಸ ಆಪ್ ಬರೆಯೋ ಬದಲು ಇಮೇಲ್ ಮೇಲೇ ಕೆಲಸ ನಡೆಸಬಹುದಾ ಅಂತ ಕೇಳಿ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಎಂಬತ್ತು ಮನೆ. ನೀರಿಲ್ಲ, ಲಿಫ್ಟ್ ನಿಂತಿದೆ ಅನ್ನೋ ದೂರುಗಳೆಲ್ಲ ವಾಟ್ಸಾಪ್ ಗುಂಪಿಗೆ ಬೀಳುತ್ತವೆ, ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಕಳೆದುಹೋಗುತ್ತವೆ. ಹಿರಿಯರು ಹೊಸ ಆಪ್ ಹಾಕಿಕೊಳ್ಳಲ್ಲ. ಇಮೇಲ್ ಮೇಲೇ ಏನಾದ್ರೂ ಮಾಡಪ್ಪಾ ಅಂತ ಮಗ ಹೇಳ್ತಾನೆ. ಆಗುತ್ತಾ?
– ಸಂಘದ ಕಾರ್ಯದರ್ಶಿ, ಬೆಂಗಳೂರು

ಆಗುತ್ತೆ. ಚೆನ್ನಾಗೇ ಆಗುತ್ತೆ. ದೂರಿನ ಆಪ್ ಒಂದಕ್ಕೆ ಬೇಕಾದ್ದೇನು? ಯಾರು ಬರೆದರು ಅನ್ನೋ ಗುರುತು, ಬರೆಯಲು ಜಾಗ, ಫೋಟೋ ಸೇರಿಸುವ ದಾರಿ, ಉತ್ತರ ಬಂದಾಗ ಟಣ್ ಅನ್ನೋ ಗಂಟೆ, ಹಳೆಯದನ್ನು ಹುಡುಕುವ ಅನುಕೂಲ. ಇವೆಲ್ಲ ನಿಮ್ಮ ಎಂಬತ್ತು ಮನೆಯವರ ಫೋನಿನಲ್ಲಿ ಆಗಲೇ ಇವೆ. ಲೆಕ್ಕ ಇಡುವ ನಡುವಿನ ತುಂಡನ್ನು ಮಾತ್ರ ನೀವು ಬರೆಯಬೇಕು.

ಸಂಘಕ್ಕೆಂದೇ ಬೇರೆ ಜಿಮೇಲ್ ಖಾತೆ ತೆರೆಯಿರಿ. ಅದೇ ಖಾತೆಯಲ್ಲಿ ಒಂದು ಗೂಗಲ್ ಶೀಟ್ ಮಾಡಿ. ಶೀಟ್‌ನ ಎಕ್ಸ್‌ಟೆನ್ಷನ್ಸ್ ಮೆನುವಿನಲ್ಲಿ ಆಪ್ಸ್ ಸ್ಕ್ರಿಪ್ಟ್ ಅಂತ ಇದೆ, ಕೋಡ್ ಅಲ್ಲಿ ಬರೆಯೋದು. ಐದು ನಿಮಿಷಕ್ಕೊಮ್ಮೆ ಓಡುವಂತೆ ಟ್ರಿಗರ್ ಇಟ್ಟರೆ ಸಾಕು. ಹೊಸ ಮೇಲ್ ಬಂದರೆ ಶೀಟ್‌ಗೆ ಒಂದು ಸಾಲು ಸೇರಬೇಕು: ದಿನಾಂಕ, ಕಳಿಸಿದವರು, ವಿಷಯ, ಸ್ಥಿತಿ "ಬಾಕಿ". ದೂರು ಕೊಟ್ಟವರಿಗೆ "ನಿಮ್ಮ ದೂರಿನ ಸಂಖ್ಯೆ 47" ಅಂತ ಉತ್ತರ ಹೋಗಬೇಕು. ಪ್ಲಂಬರ್ ಬಂದು ಹೋದ ಮೇಲೆ ನೀವು ಅದೇ ಮೇಲ್‌ಗೆ ಮೊದಲ ಸಾಲಿನಲ್ಲಿ "ಮುಗಿಯಿತು" ಅಂತ ಬರೆದು ಕಳಿಸಿದರೆ ಸ್ಕ್ರಿಪ್ಟ್ ಆ ಸಾಲನ್ನು ಮುಚ್ಚಬೇಕು. ಇಷ್ಟೇ ಆಪ್. ಕೋಡ್ ಬರುವ ಮಗನಿಗೆ ಒಂದು ಭಾನುವಾರದ ಕೆಲಸ.

ಎಡವುವ ಜಾಗಗಳು ಬೇರೆ ಇವೆ. "ಓದದ ಮೇಲ್" ಅನ್ನೋದನ್ನೇ ಹೊಸ ಮೇಲ್ ಅಂತ ಹಿಡಿಯಬೇಡಿ. ಕಮಿಟಿಯವರು ಯಾರೋ ಸುಮ್ನೆ ತೆರೆದು ನೋಡಿದರೂ ಅದು ಓದಿದ್ದಾಗುತ್ತೆ, ಸ್ಕ್ರಿಪ್ಟ್ ದಾಟಿಕೊಂಡು ಹೋಗುತ್ತೆ. ಲೇಬಲ್ ಹಚ್ಚೋಣ ಅಂದರೆ ಆಪ್ಸ್ ಸ್ಕ್ರಿಪ್ಟ್‌ನಲ್ಲಿ ಲೇಬಲ್ ಬೀಳೋದು ಇಡೀ ಥ್ರೆಡ್‌ಗೆ (ಒಂದು ಮೇಲ್, ಅದರ ಉತ್ತರಗಳ ಸರಣಿಗೆ), ಹಾಗಾಗಿ ಅದೇ ಥ್ರೆಡ್‌ನಲ್ಲಿ ನಾಳೆ ಬರುವ "ಇನ್ನೂ ನೀರು ಬಂದಿಲ್ಲ ಸ್ವಾಮಿ" ಅನ್ನೋ ಮೇಲ್ ಕೂಡ ಮುಗಿದವುಗಳ ಜೊತೆ ಸೇರಿಹೋಗಬಹುದು. ಪ್ರತಿ ಮೇಲ್‌ಗೂ ಒಂದು ಐಡಿ ಇರುತ್ತೆ, ಅದನ್ನೇ ಶೀಟ್‌ನಲ್ಲಿ ಬರೆದಿಟ್ಟು ಹೋಲಿಸಿ.

ಮಿತಿಯೂ ಇದೆ. ಸಾಮಾನ್ಯ ಜಿಮೇಲ್ ಖಾತೆಯಲ್ಲಿ ಆಪ್ಸ್ ಸ್ಕ್ರಿಪ್ಟ್ ಮೂಲಕ ದಿನಕ್ಕೆ 100 ಜನರಿಗೆ ಮಾತ್ರ ಮೇಲ್ ಕಳಿಸಬಹುದು. ಎಣಿಸೋದು ಮೇಲ್‌ಗಳನ್ನಲ್ಲ, ಪಡೆಯುವವರನ್ನು. ಎಲ್ಲ ಮನೆಗೂ ಒಂದು ಸಿಸಿ ಹಾಕಿದಿರೋ, ಆವತ್ತಿನ ಕೋಟಾ ಹೆಚ್ಚುಕಡಿಮೆ ಖಾಲಿ.

ಇನ್ನೊಂದು, ರಜೆಯ ಆಟೋ ರಿಪ್ಲೈ. "ನಾನು ಊರಲ್ಲಿಲ್ಲ" ಅಂತ ಅವರ ಯಂತ್ರ ಉತ್ತರಿಸುತ್ತೆ, ಅದೂ ದೂರು ಅಂತ ನಿಮ್ಮ ಯಂತ್ರ ಸಂಖ್ಯೆ ಕೊಡುತ್ತೆ, ಅದಕ್ಕೆ ಮತ್ತೆ ಉತ್ತರ... ಬೆಳಗಾಗುವಷ್ಟರಲ್ಲಿ ದೂರಿನ ಸಂಖ್ಯೆ ಎಲ್ಲಿಗೋ ಹೋಗಿರುತ್ತೆ. ಇದಕ್ಕೆಂದೇ 'ಆಟೋ-ಸಬ್ಮಿಟೆಡ್' ಅನ್ನೋ ಹೆಡರ್ (ಮೇಲ್ ಜೊತೆ ಹೋಗುವ ಮಾಹಿತಿಯ ಸಾಲು) ಇದೆ. ಅದು ಇದ್ದು, 'ನೋ' ಅಂತ ಇಲ್ಲದಿದ್ದರೆ ಬರೆದದ್ದು ಮನುಷ್ಯರಲ್ಲ, ಉತ್ತರಿಸಬೇಡಿ. ಎಲ್ಲರ ಯಂತ್ರವೂ ಈ ಹೆಡರ್ ಹಾಕಲ್ಲ. ಒಬ್ಬರಿಗೆ ಗಂಟೆಗೆ ಇಷ್ಟೇ ಉತ್ತರ ಅನ್ನೋ ಕಟ್ಟನ್ನೂ ಹಾಕಿಬಿಡಿ.

ಲಿಫ್ಟ್‌ನಲ್ಲಿ ಯಾರಾದರೂ ಸಿಕ್ಕಿಕೊಂಡರೆ ಮಾತ್ರ ದಯವಿಟ್ಟು ಫೋನ್ ಮಾಡಲು ಹೇಳಿ.

ಇದೆಲ್ಲ ಸಣ್ಣಪುಟ್ಟ ಕೆಲಸಕ್ಕೆ ಸರಿ ಸರ್. ನಿಜವಾದ ದೊಡ್ಡ ಸಿಸ್ಟಂ ಯಾರಾದರೂ ಇಮೇಲ್ ಮೇಲೆ ನಡೆಸಿದ್ದಾರಾ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ನಿಮ್ಮ ಕಾಲೇಜಿನ ಸರ್ವರ್‌ನಲ್ಲಿ ಲಿನಕ್ಸ್ ಇರಬಹುದು ಅಲ್ವಾ? ಆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್‌ಗೆ ಬರುವ ಬದಲಾವಣೆಗಳು ಇವತ್ತಿಗೂ ಹೆಚ್ಚಾಗಿ ಇಮೇಲ್‌ನಲ್ಲೇ ಓಡಾಡುತ್ತವೆ. 2005ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲೀನಸ್ ಟೊರ್ವಾಲ್ಡ್ಸ್, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಬರೆದದ್ದೇ ಈ ಕರ್ನೆಲ್ ಕೆಲಸಕ್ಕೆ. ಅದರಲ್ಲಿ ಪ್ಯಾಚನ್ನು (ಕೋಡಿನ ಒಂದು ಬದಲಾವಣೆಯನ್ನು) ಮೇಲ್ ಆಗಿ ಕಳಿಸಲು 'ಸೆಂಡ್-ಇಮೇಲ್' ಅನ್ನೋ ಆಜ್ಞೆ ಇದೆ, ಬಂದ ಮೇಲನ್ನು ನೇರ ಕೋಡ್‌ಗೆ ಹಚ್ಚಲು 'ಎಎಂ' ಅನ್ನೋದಿದೆ. ವಿಮರ್ಶೆ ಮಾಡುವವರು ಪ್ಯಾಚಿನ ಸಾಲುಗಳ ಕೆಳಗೇ ಉತ್ತರ ಬರೆಯುತ್ತಾರೆ.

ನನಗೆ ಇದಕ್ಕಿಂತ ಇಷ್ಟ ಡೆಬಿಯನ್ ಅನ್ನೋ ಲಿನಕ್ಸ್ ಬಗೆಯಲ್ಲಿ ಬಗ್, ಅಂದರೆ ಕೋಡಿನ ದೋಷ, ದಾಖಲಿಸುವ ವ್ಯವಸ್ಥೆ. ಅಲ್ಲಿ ಬಗ್ ದಾಖಲಿಸಲು ಲಾಗಿನ್ ಇಲ್ಲ, ಫಾರ್ಮ್ ಇಲ್ಲ. ಒಂದು ವಿಳಾಸಕ್ಕೆ ಮೇಲ್ ಹಾಕುತ್ತೀರಿ, ಮೇಲಿನ ಸಾಲುಗಳಲ್ಲಿ ಪ್ಯಾಕೇಜಿನ ಹೆಸರು, ಆವೃತ್ತಿ. ಸಂಖ್ಯೆ ವಾಪಸ್ ಬರುತ್ತೆ. ಆಮೇಲೆ ಆ ಸಂಖ್ಯೆಯೇ ಒಂದು ಇಮೇಲ್ ವಿಳಾಸ! ಅದಕ್ಕೆ ಬರೆದದ್ದೆಲ್ಲ ಆ ಬಗ್ಗಿನ ಕಡತಕ್ಕೆ ಸೇರುತ್ತೆ. ಸಂಖ್ಯೆಯ ಪಕ್ಕ ಹೈಫನ್ ಹಾಕಿ 'ಡನ್' ಸೇರಿಸಿದ ವಿಳಾಸಕ್ಕೆ ಬರೆದರೆ ಬಗ್ ಮುಚ್ಚುತ್ತೆ. ಗಂಭೀರತೆ ಬದಲಿಸೋಕೆ, ಎರಡು ಬಗ್ ಒಂದು ಮಾಡೋಕೆ 'ಕಂಟ್ರೋಲ್' ಅನ್ನೋ ಬೇರೆ ವಿಳಾಸವಿದೆ, ಸಾಲಿಗೊಂದು ಆಜ್ಞೆ ಬರೆಯಬೇಕು. ಕೊನೆಗೆ 'ಥ್ಯಾಂಕ್ಸ್' ಅಂತ ಬರೆದರೆ ಯಂತ್ರ ಓದೋದು ನಿಲ್ಲಿಸುತ್ತೆ, ಕೆಳಗಿರೋ ನಿಮ್ಮ ಸಹಿಯನ್ನು ಆಜ್ಞೆ ಅಂತ ತಿಳಿಯಲ್ಲ. ವಂದನೆಯೇ ಪೂರ್ಣವಿರಾಮ.

ಇದು ನಡೆಯೋದಕ್ಕೆ ಕಾರಣವೂ ಸರಳ. ಕೊಡುಗೆ ಕೊಡುವವರು ಹತ್ತಾರು ದೇಶದಲ್ಲಿದ್ದಾರೆ, ಒಬ್ಬರು ಮಲಗಿದಾಗ ಇನ್ನೊಬ್ಬರು ಏಳುತ್ತಾರೆ, ಯಾರಿಗೂ ಈ ಕ್ಷಣದಲ್ಲೇ ಉತ್ತರ ಬೇಕಾಗಿಲ್ಲ. ಒಂದು ಹೆಜ್ಜೆಗೆ ಒಂದು ಪತ್ರ, ನಡುವೆ ಎಷ್ಟು ಹೊತ್ತಾದರೂ ಪರವಾಗಿಲ್ಲ ಅನ್ನೋ ಕೆಲಸ ಇದ್ದರೆ ಇಮೇಲ್‌ನಷ್ಟು ಒಳ್ಳೆ ನೆಲ ಇನ್ನೊಂದಿಲ್ಲ. ರೈಲಿನ ಸೀಟು ಬುಕ್ ಮಾಡೋ ಥರದ ಕೆಲಸವಾದರೆ ಬೇಡ. ಎದುರಿನ ಸರ್ವರ್ ಮಲಗಿದ್ದರೆ ಮೇಲ್ ಸರತಿಯಲ್ಲಿ ಕಾಯುತ್ತೆ, ಕಳಿಸುವ ಸರ್ವರ್ ದಿನಗಟ್ಟಲೆ ಮತ್ತೆ ಮತ್ತೆ ಪ್ರಯತ್ನಿಸುತ್ತೆ. ಪತ್ರ ಕಳೆಯದಿರಲಿ ಅಂತ ಹಾಗೆ ಕಟ್ಟಿದ್ದಾರೆ, ಆದರೆ ಅಷ್ಟರಲ್ಲಿ ಸೀಟು ಹೋಗಿರುತ್ತೆ.

ಆಫೀಸಿನ ರಜೆ ಅರ್ಜಿಗೆ ಮೇಲ್‌ನಲ್ಲಿ "ಒಪ್ಪಿಗೆ", "ಬೇಡ" ಅಂತ ಎರಡು ಲಿಂಕ್ ಕಳಿಸ್ತೀವಿ. ಮ್ಯಾನೇಜರ್ ಮೇಲ್ ತೆರೆಯೋ ಮೊದಲೇ ಒಪ್ಪಿಗೆ ಆಗಿರುತ್ತೆ! ಒಮ್ಮೊಮ್ಮೆ ಒಪ್ಪಿಗೆ ಆಗಿ, ಮರುಕ್ಷಣ ಬೇಡ ಅಂತಲೂ ಆಗುತ್ತೆ. ದೆವ್ವ ಇದೆಯಾ?
– ಸಾಫ್ಟ್‌ವೇರ್ ಡೆವಲಪರ್, ಮಂಗಳೂರು

ದೆವ್ವವಲ್ಲ, ಕಾವಲುಗಾರ. ಕಂಪನಿಗಳ ಮೇಲ್ ಸರ್ವರ್ ಎದುರು ಕೂತಿರುವ ಭದ್ರತಾ ಸ್ಕ್ಯಾನರ್‌ಗಳು ಮೋಸದ ಲಿಂಕ್ ಹಿಡಿಯಲು ಒಳಗಿರುವ ಪ್ರತಿ ಲಿಂಕನ್ನೂ ತಾವೇ ತೆರೆದು ನೋಡುತ್ತವೆ. ನಿಮ್ಮ ಎರಡೂ ಲಿಂಕ್ ತೆರೆದಿವೆ, ಯಾವುದು ಕೊನೆಗೋ ಅದು ಗೆದ್ದಿದೆ. ಲಿಂಕ್ ತೆರೆದ ಮಾತ್ರಕ್ಕೆ ಏನೂ ಬದಲಾಗಬಾರದು. ಲಿಂಕ್ ಒಂದು ಪುಟಕ್ಕೆ ಹೋಗಲಿ, ಅಲ್ಲಿ ಬಟನ್ ಒತ್ತಿದ ಮೇಲೆ ಒಪ್ಪಿಗೆ ಬೀಳಲಿ.

ಪುಟವೇ ಬೇಡ ಅಂದರೆ 'ಮೇಲ್‌ಟು' ಲಿಂಕ್ ಬಳಸಿ. ಒತ್ತಿದರೆ ವಿಳಾಸ, ವಿಷಯ, ಒಳಗಿನ ಮಾತು ಎಲ್ಲ ತುಂಬಿದ ಹೊಸ ಮೇಲ್ ತೆರೆದುಕೊಳ್ಳುತ್ತೆ, ಮ್ಯಾನೇಜರ್ ಸೆಂಡ್ ಒತ್ತಿದರಾಯಿತು. ನೋಡಲು ಹಳೇ ಕಾಲದ್ದು ಅನಿಸಬಹುದು, ಆದರೆ ಇಮೇಲ್ ಆಪ್‌ಗೆ ಇದಕ್ಕಿಂತ ಗಟ್ಟಿ ಬಟನ್ ನಾನು ಕಂಡಿಲ್ಲ. ಮೇಲ್ ಒಳಗೇ ಫಾರ್ಮ್ ತುಂಬುವ ಎಎಂಪಿ ಅನ್ನೋದನ್ನು ಗೂಗಲ್ 2019ರಲ್ಲಿ ಜಿಮೇಲ್‌ಗೆ ತಂದಿತು. ಎಲ್ಲ ಕಡೆ ನಡೆಯಲ್ಲ, ಅದರ ಹಿಂದೆ ಬೀಳಬೇಡಿ.

"ಇಂದ" ಅನ್ನೋ ಜಾಗದಲ್ಲಿ ಬಂದ ವಿಳಾಸವನ್ನೇ ಲಾಗಿನ್ ಅಂತ ನಂಬಬಹುದಾ?
– ದಾವಣಗೆರೆಯಿಂದ ಒಬ್ಬರು

ಬೇಡ. ಕವರಿನ ಹಿಂದೆ ಯಾರ ಹೆಸರು ಬೇಕಾದರೂ ಬರೆದು ಅಂಚೆಡಬ್ಬಿಗೆ ಹಾಕಬಹುದಲ್ಲ, ಹಾಗೇ ಇದೂ. 1982ರಲ್ಲಿ ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ ಬರೆದಾಗ ಕಳಿಸಿದವರು ನಿಜಕ್ಕೂ ಅವರೇನಾ ಅಂತ ನೋಡುವ ಏರ್ಪಾಡೇ ಇರಲಿಲ್ಲ. ಆಮೇಲೆ ಬಂದ, ಕಳಿಸುವ ಡೊಮೈನ್ ಹಾಕುವ ಡಿಕೆಐಎಂ ಅನ್ನೋ ಡಿಜಿಟಲ್ ಸಹಿ ಸ್ವಲ್ಪ ಕಾಪಾಡುತ್ತೆ. ಮೇಲ್ ಪಡೆದ ಸರ್ವರ್ ಅದನ್ನು ಪರೀಕ್ಷಿಸಿ ಫಲಿತಾಂಶವನ್ನು ಒಂದು ಹೆಡರ್‌ನಲ್ಲಿ ಬರೆದಿಡುತ್ತೆ, ನಿಮ್ಮ ಕೋಡ್ ಅದನ್ನು ಓದಲಿ. ಆದರೂ ದುಡ್ಡಿನ ಕೆಲಸವಾದರೆ ಇನ್ನೊಂದು ಸುತ್ತು ಇರಲಿ. ಊಹಿಸಲಾಗದ ಗುಟ್ಟಿನ ಅಕ್ಷರಗಳನ್ನು ಉತ್ತರದ ವಿಳಾಸದಲ್ಲೇ ಸೇರಿಸಿ, "ಇದು ನೀವೇನಾ?" ಅಂತ ಕೇಳಿ, ಆ ವಿಳಾಸಕ್ಕೇ ಉತ್ತರ ಬಂದರೆ ಮಾತ್ರ ಮುಂದುವರಿಯಿರಿ. ಜಿಮೇಲ್‌ನಲ್ಲಿ ಹೆಸರಿನ ಪಕ್ಕ ಪ್ಲಸ್ ಚಿಹ್ನೆ ಹಾಕಿ ಏನು ಬರೆದರೂ ಅದೇ ಪೆಟ್ಟಿಗೆಗೆ ಬರುತ್ತೆ, ಹಾಗಾಗಿ ಹೊಸ ಖಾತೆ ಬೇಡ.

ನಮ್ಮ ಅಂಗಡಿಯ ಸ್ವಂತ ಡೊಮೈನ್‌ನಿಂದ ಕಳಿಸೋ ಬಿಲ್ ಎಲ್ಲ ಸ್ಪ್ಯಾಮ್‌ಗೆ ಹೋಗುತ್ತೆ.
– ವ್ಯಾಪಾರಿ, ತುಮಕೂರು

ಎಸ್‌ಪಿಎಫ್ (ನಿಮ್ಮ ಹೆಸರಲ್ಲಿ ಯಾವ ಸರ್ವರ್ ಕಳಿಸಬಹುದು ಅನ್ನೋ ಪಟ್ಟಿ), ಮೇಲೆ ಹೇಳಿದ ಡಿಕೆಐಎಂ, ಡಿಮಾರ್ಕ್ (ಪರೀಕ್ಷೆಯಲ್ಲಿ ಸೋತ ಮೇಲನ್ನು ಏನು ಮಾಡಬೇಕು ಅನ್ನೋ ಸೂಚನೆ) ಮೂರನ್ನೂ ಡೊಮೈನ್ ದಾಖಲೆಯಲ್ಲಿ ಹಾಕಿಸಿ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಇದರಲ್ಲಿ ಬಿಗಿಯಾಗಿವೆ. ದಿನಕ್ಕೆ 5,000ಕ್ಕಿಂತ ಜಾಸ್ತಿ ಜಿಮೇಲ್‌ಗೆ ಕಳಿಸುವವರಿಗೆ ಮೂರೂ ಕಡ್ಡಾಯ. ನೀವು ಅಷ್ಟು ಕಳಿಸಲ್ಲ, ಆದರೂ ಹಾಕಿಸಿ.

ಇಮೇಲ್ ಮೇಲೆ ಚಾಟ್ ಕಟ್ಟಬಹುದಾ?
– ಮೈಸೂರು

ಆಗಲೇ ಕಟ್ಟಿದ್ದಾರೆ. ಡೆಲ್ಟಾ ಚಾಟ್ ಅಂತ ಹೆಸರು, ನೋಡಲು ವಾಟ್ಸಾಪ್ ಥರವೇ, ಒಳಗೆ ಓಡೋದು ಇಮೇಲ್. ಎನ್‌ಕ್ರಿಪ್ಶನ್ ಕೂಡ ಇದೆ. ಹಾಕಿ ನೋಡಿ.

ಇಲ್ಲಿನ ಕನ್ನಡ ಕೂಟಕ್ಕೆ ಮೇಲ್ ಓದುವ ಪೈಥಾನ್ ಸ್ಕ್ರಿಪ್ಟ್ ಬರೆದೆ. ಇಂಗ್ಲಿಷ್ ವಿಷಯ ಸರಿ ಬರುತ್ತೆ, ಕನ್ನಡದ್ದು ಪ್ರಶ್ನಾರ್ಥಕ ಚಿಹ್ನೆ, ಯುಟಿಎಫ್-8 ಅಂತೆಲ್ಲ ಕಸವಾಗಿ ಬರುತ್ತೆ. "ಬೇಡ" ಅಂತ ಉತ್ತರಿಸಿದ ಕೆಲವರನ್ನು ಗುರುತೇ ಹಿಡಿಯಲ್ಲ.
– ನ್ಯೂಜೆರ್ಸಿ

ಕಸವಲ್ಲ ಅದು, ಕಟ್ಟಿದ ಪೊಟ್ಟಣ. ಇಮೇಲ್ ಹೆಡರ್ ಹುಟ್ಟಿದ್ದು ಇಂಗ್ಲಿಷ್ ಅಕ್ಷರಕ್ಕೆ ಮಾತ್ರ. 1992ರಲ್ಲಿ ಮೈಮ್ ಅನ್ನೋ ಮೇಲ್ ನಿಯಮ ಬಂದಾಗ ಬೇರೆ ಲಿಪಿಗಳನ್ನು ಹೀಗೆ ಸುತ್ತಿ ಕಳಿಸುವ ರೂಢಿ ಬಂತು. ಕೈಯಿಂದ ಬಿಚ್ಚಬೇಡಿ. ಪೈಥಾನ್‌ನ ಇಮೇಲ್ ಮಾಡ್ಯೂಲ್‌ಗೆ 'ಪಾಲಿಸಿ' ಡಿಫಾಲ್ಟ್ ಅಂತ ಕೊಟ್ಟು ಓದಿಸಿದರೆ ಅದೇ ಬಿಚ್ಚಿ ಕೊಡುತ್ತೆ. ಕೊಡದಿದ್ದರೆ ಹಳೆಯ ರೀತಿಯಲ್ಲಿ ಓದುತ್ತೆ, ನಿಮಗಾಗಿರೋದು ಅದೇ ಇರಬೇಕು.

"ಬೇಡ"ದ ಕಥೆ ಬೇರೆ. ಯೂನಿಕೋಡ್‌ನಲ್ಲಿ "ಬೇ" ಬರೆಯಲು ಎರಡು ದಾರಿ ಇವೆ: ಏತ್ವದ ಒಂದೇ ಸಂಕೇತ, ಇಲ್ಲವೇ ಎತ್ವ ಹಾಕಿ ಪಕ್ಕದಲ್ಲಿ ದೀರ್ಘದ ಗುರುತು. ಕಣ್ಣಿಗೆ ಎರಡೂ ಒಂದೇ, ಕೋಡ್‌ಗೆ ಬೇರೆ ಬೇರೆ. ಹೋಲಿಸುವ ಮೊದಲು ಎರಡನ್ನೂ ಎನ್‌ಎಫ್‌ಸಿ ಅನ್ನೋ ಒಂದೇ ರೂಪಕ್ಕೆ ತನ್ನಿ, ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಒಂದೇ ಸಾಲು. ಜೊತೆಗೆ "ಬ್ಯಾಡ", "ಬರಲ್ಲ", "ಆಗಲ್ಲ" ಇವನ್ನೂ ಪಟ್ಟಿಗೆ ಸೇರಿಸಿಕೊಳ್ಳಿ, ನಮ್ಮ ಜನ ಒಂದೇ ಥರ ಬರೆಯಲ್ಲ.