ಓದುಗರ ಪ್ರಶ್ನೆ: ಸೈಪ್ರಸ್‌ನ ಹಸಿರು ಗೆರೆ

ಪ್ರಶ್ನೆ: ಮಡಿಕೇರಿಯ ಸನ್ನಿಸೈಡ್ ಮ್ಯೂಸಿಯಂ ನೋಡಿ ಬಂದೆವು. ನಮ್ಮ ಜನರಲ್ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾಗಿದ್ದಾಗಲೇ ತೀರಿಕೊಂಡರಂತೆ. ಆ ಪಡೆ ಇವತ್ತಿಗೂ ಅಲ್ಲೇ ಇದೆ ಎಂದರೆ ಅದು ಸೋತಂತೆ ಅಲ್ಲವೇ? ಗುಂಡು ಹಾರಿಸದ ಸೈನಿಕರಿಗೆ ಅಲ್ಲಿ ಕೆಲಸವಾದರೂ ಏನು?
(ಓದುಗರೊಬ್ಬರು, ವಿರಾಜಪೇಟೆ)

ಉತ್ತರ: ಮೊದಲು ಮೂರು ತಿಂಗಳಿಗೆಂದು ಹೋದ ಪಡೆ ಅದು! 1963ರ ಡಿಸೆಂಬರಿನಲ್ಲಿ ಗ್ರೀಕ್ ಮತ್ತು ಟರ್ಕಿಶ್ ಸೈಪ್ರಿಯಟ್ಟರ ನಡುವೆ ಹೊಡೆದಾಟ ಎದ್ದಾಗ ಬ್ರಿಟಿಷ್ ಸೇನಾಧಿಕಾರಿಯೊಬ್ಬರು ರಾಜಧಾನಿ ನಿಕೋಸಿಯಾದ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಗೆರೆ ಎಳೆದರು. ಹೆಸರು ಹಾಗೇ ನಿಂತಿತು. 1964ರ ಮಾರ್ಚ್ 4ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 186ನೇ ನಿರ್ಣಯದ ಮೂಲಕ ಪಡೆಗೆ ಒಪ್ಪಿಗೆ ಕೊಟ್ಟಿತು. ತಿಮ್ಮಯ್ಯನವರು ಜುಲೈನಲ್ಲಿ ಹೊಣೆ ಹೊತ್ತು, 1965ರ ಡಿಸೆಂಬರ್ 18ರಂದು ಅಲ್ಲೇ ನಿಧನರಾದರು.

ಗುಂಡು ಹಾರಿಸಲೇಬಾರದು ಎಂದಿಲ್ಲ, ಆತ್ಮರಕ್ಷಣೆಗೆ ಹಾರಿಸಬಹುದು. ಅವರ ಕೆಲಸಕ್ಕೆ ಯಾರಾದರೂ ಬಲವಂತದಿಂದ ಅಡ್ಡ ಬಂದರೆ ಅದೂ ಆತ್ಮರಕ್ಷಣೆಯ ಲೆಕ್ಕಕ್ಕೇ ಬರುತ್ತದೆ. ಆದರೆ ದಿನನಿತ್ಯದ ಕೆಲಸ ಕಾವಲು, ಗಸ್ತು, ಮಾತುಕತೆ. ಎದುರಿನ ಠಾಣೆಯಲ್ಲಿ ನಿನ್ನೆ ಇಲ್ಲದ ಮರಳಿನ ಚೀಲ ಇವತ್ತು ಕಂಡರೆ ಬರೆದುಕೊಳ್ಳಬೇಕು, ಆ ಕಡೆಯ ಅಧಿಕಾರಿಗೆ ಆಕ್ಷೇಪ ಹೇಳಬೇಕು, ತೆಗೆಸಬೇಕು. ತಡವಾದರೆ ಅದೇ ಹಳೇ ಠಾಣೆಯಾಗಿಬಿಡುತ್ತದೆ. ವರ್ಷಕ್ಕೊಂದು ಅಡಿ ಸರಿಯುವ ತೋಟದ ಬೇಲಿಯ ವಿಷಯ ಕೊಡಗಿನವರಿಗೆ ಬಿಡಿಸಿ ಹೇಳಬೇಕೇ?

1974ರ ಜುಲೈ 15ರಂದು ಸೈಪ್ರಸ್‌ನಲ್ಲಿ ಗ್ರೀಸ್ ಬೆಂಬಲದ ಕ್ಷಿಪ್ರಕ್ರಾಂತಿ, 20ಕ್ಕೆ ಟರ್ಕಿಯ ಸೇನೆ ಬಂದಿಳಿಯಿತು. ಹಗುರ ಶಸ್ತ್ರದ ಕಾವಲು ಪಡೆ ಒಂದು ದೇಶದ ಸೈನ್ಯವನ್ನು ತಡೆಯಲಾರದು; ಅದಕ್ಕೆಂದು ಕಳಿಸಿದ್ದೂ ಅಲ್ಲ. ಆಮೇಲೆ ಎರಡೂ ಕಡೆಗಳ ನಡುವೆ ದ್ವೀಪದುದ್ದಕ್ಕೂ ಸುಮಾರು 180 ಕಿ.ಮೀ. ತಟಸ್ಥ ವಲಯ ಬಂತು. ಅದರೊಳಗೆ ಉಳುವ ರೈತನೂ ವಿಶ್ವಸಂಸ್ಥೆಯ ಪರವಾನಗಿ ಪಡೆಯಬೇಕು.

ಜಗಳ ಹರಡದಂತೆ ನಡುವೆ ನಿಲ್ಲುವುದು ಒಂದು ಕೆಲಸ, ರಾಜಿ ಮಾಡಿಸುವುದು ಇನ್ನೊಂದು. ಮೊದಲನೆಯದರಲ್ಲಿ ಪಡೆ ಬಹುಪಾಲು ಗೆದ್ದಿದೆ. ಎರಡನೆಯದರಲ್ಲಿ ನಿಜವಾಗಿ ಫಲ ಕೊಟ್ಟಿದ್ದು, ನಮ್ಮ ಪ್ರಕಾರ, 1981ರಲ್ಲಿ ರಚನೆಯಾದ ಕಾಣೆಯಾದವರ ಸಮಿತಿ. ಅದರಲ್ಲಿ ಎರಡೂ ಸಮುದಾಯದಿಂದ ಒಬ್ಬೊಬ್ಬರು. ಮೂರನೆಯವರನ್ನು ರೆಡ್‌ಕ್ರಾಸ್ ಆರಿಸಿ, ವಿಶ್ವಸಂಸ್ಥೆ ನೇಮಿಸುತ್ತದೆ. ಕೊಂದವರು ಯಾರು, ಸತ್ತದ್ದು ಹೇಗೆ ಎಂದು ಸಮಿತಿ ತೀರ್ಮಾನಿಸುವುದೇ ಇಲ್ಲ. ಅನ್ಯಾಯ ಅನ್ನಿಸುತ್ತದೆ. ಆದರೆ ಹಾಗಿರುವುದರಿಂದಲೇ ಸಾಕ್ಷಿಗಳು ಬಾಯಿ ಬಿಟ್ಟು ಹೆಣ ಹೂತ ಗುಂಡಿ ತೋರಿಸುತ್ತಾರೆ. ಎರಡೂ ಕಡೆಯ ತಜ್ಞರು ಜೊತೆಗೇ ಅಗೆದು, ಬೆರೆತ ಮೂಳೆಗಳನ್ನು ಬೇರ್ಪಡಿಸಿ, ಬಂಧುಗಳ ಡಿಎನ್‌ಎ ಜೊತೆ ಹೋಲಿಸಿ ಮನೆಯವರಿಗೆ ಒಪ್ಪಿಸುತ್ತಾರೆ. ಕಾಣೆಯಾದ 2,002 ಮಂದಿಯಲ್ಲಿ ಸಾವಿರಕ್ಕೂ ಹೆಚ್ಚು ಜನರ ಗುರುತು ಹೀಗೆ ಸಿಕ್ಕಿದೆ. ಈಗಿನ ತೊಡಕು: ಕೆಲವು ಗುಂಡಿಗಳ ಮೇಲೆ ಕಟ್ಟಡ ಎದ್ದಿದೆ, ಜಾಗ ಬಲ್ಲ ಮುದುಕರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ.