ಮ್ಯಾನೇಜರ್ ಅಂದ್ರೆ ಕೈಕೆಳಗೆ ಎಷ್ಟು ಜನ?

ಪತ್ರ: ನಾನು ದಾವಣಗೆರೆ ಪಿ.ಜೆ. ಬಡಾವಣೆಯವಳು. ನಾಲ್ಕು ವರ್ಷ ಬಿಲ್ಲಿಂಗ್ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಮಾಡಿದ್ದೇನೆ. ಇನ್ನು ಮೂರು ವಾರಕ್ಕೆ ಬೆಂಗಳೂರಿನಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಕೆಲಸಕ್ಕೆ ಸಂದರ್ಶನ. ಎಂಬಿಎ ಮಾಡಿಲ್ಲ. ವಿಡಿಯೋ ನೋಡಿ ನೂರು ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡುತ್ತಿದ್ದೇನೆ. ಆದರೂ ಭಯ. ಚೌಕಿಪೇಟೆಯಲ್ಲಿ ಅಂಗಡಿ ಇಟ್ಟಿರುವ ಅಪ್ಪ, "ಮ್ಯಾನೇಜರ್ ಅಂದ್ರೆ ನಿನ್ನ ಕೈಕೆಳಗೆ ಎಷ್ಟು ಜನ?" ಅಂತಾರೆ. ಅದಕ್ಕೂ ನನ್ನಲ್ಲಿ ಉತ್ತರ ಇಲ್ಲ. ಅಂಗಡಿಯವರು ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಬದಲು ಸೊನ್ನೆ ತುಂಬುವುದನ್ನು ಕಂಡು ಹೇಳಿ ಸರಿಮಾಡಿಸಿದಂಥ ಚಿಕ್ಕ ಕೆಲಸ ಬಿಟ್ಟರೆ ಹೇಳಿಕೊಳ್ಳಲು ಏನೂ ಇಲ್ಲ.

ಸಂಪಾದಕರ ಉತ್ತರ:

ಅಪ್ಪನ ಪ್ರಶ್ನೆಯಿಂದಲೇ ಶುರು ಮಾಡೋಣ. ಸಾಮಾನ್ಯವಾಗಿ ಒಬ್ಬರೂ ಇರುವುದಿಲ್ಲ! ಮದುವೆ ಮನೆಯಲ್ಲಿ ಓಡಾಡುವ ಸೋದರಮಾವನನ್ನು ನೆನೆಸಿಕೊಳ್ಳಿ. ಅಡುಗೆಯವರು ಅವನ ಆಳುಗಳಲ್ಲ, ಶಾಮಿಯಾನದವರೂ ಅಲ್ಲ. ಆದರೆ ಎರಡನೇ ಪಂಕ್ತಿಗೆ ಗೋಧಿ ಹುಗ್ಗಿ ಸಾಲದೆ ಹೋದರೆ ಎಲ್ಲರೂ ತಿರುಗಿ ನೋಡುವುದು ಅವನ ಮುಖವನ್ನೇ. ಈ ಕೆಲಸವೂ ಹಾಗೇ. ಕೋಡ್ ಬರೆಯುವವರು, ಡಿಸೈನ್ ಮಾಡುವವರು, ಮಾರುವವರು ಬೇರೆ ಬೇರೆ. ಯಾವುದು ಮೊದಲು ಆಗಬೇಕು, ಯಾಕೆ ಅಂತ ಅವರನ್ನೆಲ್ಲ ಒಪ್ಪಿಸುವುದು ನಿಮ್ಮ ಪಾಲಿಗೆ. ಇದೇನೂ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1931ರಲ್ಲೇ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ನೀಲ್ ಮೆಕೆಲ್‌ರಾಯ್ ಎಂಬುವರು, ಒಂದೊಂದು ಬ್ರ್ಯಾಂಡಿನ ಹೊಣೆಯನ್ನೂ ಹೊರಲು ಬೇರೆ ಜನ ಬೇಕು ಅಂತ ಮೇಲಿನವರಿಗೆ ಟಿಪ್ಪಣಿ ಬರೆದಿದ್ದರು. ಆಗ ಅವರ ಕೈಯಲ್ಲಿದ್ದದ್ದು ಕ್ಯಾಮೆ ಸೋಪು.

ಬಾಯಿಪಾಠ ಬಿಟ್ಟುಬಿಡಿ. ನನ್ನ ಅಣ್ಣನ ಮಗಳು ಬೆಂಗಳೂರಿನಲ್ಲಿ ಮೇಜಿನ ಆ ಕಡೆ ಕೂತು ಇಂಥ ಸಂದರ್ಶನ ಮಾಡುತ್ತಾಳೆ. ನಿಮ್ಮ ಪತ್ರದ ವಿಷಯ ಹೇಳಿದೆ. "ಎರಡನೇ ವಾಕ್ಯಕ್ಕೇ ಗೊತ್ತಾಗುತ್ತೆ ಚಿಕ್ಕಪ್ಪ, ಯಾವ ವಿಡಿಯೋ ನೋಡಿ ಬಂದಿದ್ದಾರೆ ಅಂತ" ಅಂದಳು.

ಅವಳು ಕೇಳುವ ಒಂದು ಪ್ರಶ್ನೆ: ದಾವಣಗೆರೆಯಲ್ಲಿ ದಿನಕ್ಕೆ ಎಷ್ಟು ಬೆಣ್ಣೆದೋಸೆ ಖರ್ಚಾಗುತ್ತೆ? (ಊರಿನ ಅಭಿಮಾನ, ಬಿಡಿ.) ಸರಿಯಾದ ಸಂಖ್ಯೆ ಅವಳಿಗೂ ಬೇಕಿಲ್ಲ. ನೀವು ಲೆಕ್ಕ ಹಿಡಿಯುವ ದಾರಿ ಬೇಕು. ಊರಲ್ಲಿ 5 ಲಕ್ಷ ಜನ ಅಂತ ಇಟ್ಟುಕೊಳ್ಳಿ. 100ಕ್ಕೆ 4 ಜನ ಹೋಟೆಲಿನಲ್ಲಿ ದೋಸೆ ತಿಂದರೆ 20,000 ಜನ. ತಲೆಗೆ ಒಂದೂವರೆ ಅಂದರೆ 30,000 ದೋಸೆ. ತುಂಬ ಜನ ಇಲ್ಲಿಗೇ ನಿಲ್ಲಿಸುತ್ತಾರಂತೆ. ನೀವು ಹಂಚಿನ ಕಡೆಯಿಂದಲೂ ಬನ್ನಿ. ಒಂದು ಹಂಚಿಗೆ ಒಂದು ಸಲಕ್ಕೆ 8 ದೋಸೆ, ಬೇಯಲು 5 ನಿಮಿಷ. ಗಂಟೆಗೆ 96. ಗಿರಾಕಿ ಜಾಸ್ತಿ ಇರುವುದು 6 ಗಂಟೆ ಅಂದರೆ ಹೆಚ್ಚುಕಡಿಮೆ 600. ಅಂದರೆ 50 ಹಂಚು ಬಿಡುವಿಲ್ಲದೆ ಕಾಯಬೇಕು. ಅಷ್ಟಿವೆಯಾ? ಹೆದ್ದಾರಿ 48ರಿಂದ ಇಳಿದು ಬಂದು ತಿನ್ನುವವರನ್ನು ಸೇರಿಸಿದೆವಾ? ಹೀಗೆ ನಿಮ್ಮ ಲೆಕ್ಕದ ಮೇಲೆ ನೀವೇ ಅನುಮಾನ ಪಟ್ಟರೆ ಅವಳಿಗೆ ಖುಷಿ.

ಇನ್ನೊಂದು ಬಗೆಯ ಪ್ರಶ್ನೆ: ಮೆಕ್ಕೆಜೋಳ ವ್ಯಾಪಾರಿಗಳ ಆ್ಯಪ್ ಇದೆ, ಬಳಕೆ ಇದ್ದಕ್ಕಿದ್ದಂತೆ ಕಡಿಮೆಯಾಗಿದೆ, ಏನು ಮಾಡ್ತೀರಿ? ತಕ್ಷಣ ರಿಯಾಯಿತಿ, ಜಾಹೀರಾತು ಅಂತ ಹೊರಡಬೇಡಿ. ಯಾವಾಗಿನಿಂದ? ಎಲ್ಲ ಫೋನಿನಲ್ಲೂನಾ, ಹೊಸ ವರ್ಷನ್ ಹಾಕಿಕೊಂಡವರಲ್ಲಿ ಮಾತ್ರವಾ? ಇಷ್ಟು ಮೊದಲು ಕೇಳಿ. ಆಮೇಲೆ, ನಮ್ಮ ಕಡೆ ಮುಂಗಾರು ಮೆಕ್ಕೆಜೋಳ ಅಕ್ಟೋಬರ್, ನವೆಂಬರಿನಲ್ಲಿ ಕೊಯ್ಲಿಗೆ ಬರುತ್ತೆ, ಆಗ ಎಪಿಎಂಸಿ ತುಂಬುತ್ತೆ. ಏಪ್ರಿಲ್ ಅಂಕಿಯನ್ನು ಡಿಸೆಂಬರ್ ಜೊತೆ ಹೋಲಿಸಿದರೆ ಇಳಿಯದೆ ಇನ್ನೇನು? ಹೋದ ವರ್ಷದ ಏಪ್ರಿಲ್ ಜೊತೆ ಹೋಲಿಸಬೇಕು. ಬೆಂಗಳೂರಿನ ಹುಡುಗರಿಗೆ ಹೊಳೆಯದ್ದು ನಿಮಗೆ ಹೊಳೆಯುತ್ತೆ ಅಲ್ವಾ?

ನಿಮಗೆ ಇಷ್ಟವಾದ ಪ್ರಾಡಕ್ಟ್ ಯಾವುದು ಅಂತಲೂ ಕೇಳುತ್ತಾರೆ. ಒಂದು ಸಂಜೆ ಅಪ್ಪನ ಅಂಗಡಿಯಲ್ಲಿ ಕೂರಿ. ದುಡ್ಡು ಬಂತು ಅಂತ ಕೂಗುವ ಡಬ್ಬಿ ಇರುತ್ತಲ್ಲ, ಅದನ್ನು ಗಮನಿಸಿ. ತೂಕ ಹಾಕುತ್ತಿರುವವರು ಫೋನ್ ನೋಡಬೇಕಿಲ್ಲ, ಅದೇ ಅದರ ಹೆಚ್ಚುಗಾರಿಕೆ. ಆದರೆ ಇಬ್ಬರು ಒಟ್ಟಿಗೆ ತಲಾ ನಲವತ್ತು ರೂಪಾಯಿ ಹಾಕಿ, ಡಬ್ಬಿ ಒಂದೇ ಸಲ ಕೂಗಿದರೆ? ಯಾರದ್ದು ಬಂತು, ಯಾರದ್ದು ಬಾಕಿ? ಅಪ್ಪ ಆಗ ಏನು ಮಾಡುತ್ತಾರೆ, ನೋಡಿ ಬರೆದುಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ನೀವು ಪತ್ರದ ಕೊನೆಯಲ್ಲಿ, "ಚಿಕ್ಕ ಕೆಲಸ" ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಂಗಡಿಯವರು 15 ಅಕ್ಷರದ ಜಿಎಸ್‌ಟಿ ನಂಬರ್ ಹೊಡೆಯಲು ಬೇಜಾರಾಗಿ ಸುಮ್ನೆ ಸೊನ್ನೆ ತುಂಬುತ್ತಿದ್ದರು. ನೀವದನ್ನು ಕಂಡು ಹೇಳಿದಿರಿ. ಆಮೇಲೆ ಹಳೇ ಗಿರಾಕಿಗಳ ಪಟ್ಟಿಯಿಂದ ಆರಿಸುವ ಹಾಗಾಯಿತು. ಅಮ್ಮಾ, ಈ ಕೆಲಸ ಅಂದರೆ ಇದೇ! ಬಾಯಿಪಾಠದ ನೂರು ಉತ್ತರ ಇದರ ಮುಂದೆ ನಿಲ್ಲುವುದಿಲ್ಲ. ಹಳೇ ಆಫೀಸಿನ ಗೆಳೆಯರಿಗೆ ಫೋನ್ ಮಾಡಿ, ತಪ್ಪು ಬಿಲ್ಲು ಎಷ್ಟು ಕಡಿಮೆಯಾದವು ಕೇಳಿ. ಅಂಕಿ ಸಿಗದಿದ್ದರೆ ಕಟ್ಟಿ ಹೇಳಬೇಡಿ. ನೀವು ಮಾಡಿದ್ದೆಷ್ಟು, ಎಂಜಿನಿಯರುಗಳು ಮಾಡಿದ್ದೆಷ್ಟು ಅಂತ ಬಿಡಿಸಿ ಹೇಳಿ. ಯಾರು ಬೇಡ ಅಂದರು, ಹೇಗೆ ಒಪ್ಪಿಸಿದಿರಿ ಅಂತ ಖಂಡಿತ ಕೇಳುತ್ತಾರೆ.

ಎಂಬಿಎ ಚಿಂತೆ ಬೇಡ, ಅದು ಬೇಕೇ ಬೇಕು ಅನ್ನುವವರು ನಿಮ್ಮನ್ನು ಕರೆಯುತ್ತಲೇ ಇರಲಿಲ್ಲ. ಇಂಗ್ಲಿಷಿಗೆ ದಿನಾ ಅರ್ಧ ಗಂಟೆ ಬಾಯಿಬಿಟ್ಟು ಮಾತಾಡಿ, ಮನಸ್ಸಿನಲ್ಲೇ ಹೇಳಿಕೊಂಡರೆ ಸಾಲದು.

ನಿಮ್ಮ ದೋಸೆ ಲೆಕ್ಕ ಎಷ್ಟಕ್ಕೆ ಬಂತು ಅಂತ ಬರೆಯಿರಿ. ನನ್ನದು ತೀರಾ ಕಡಿಮೆ ಅಂತ ನಮ್ಮ ಕಚೇರಿಯಲ್ಲಿ ಇಬ್ಬರು ಆಗಲೇ ಜಗಳಕ್ಕೆ ನಿಂತಿದ್ದಾರೆ.