ಪ್ರಶ್ನೆ: ಎರಡು ಅಂಗಡಿಗಳ ನಡುವಿನ ಗೋಡೆ ತೆಗೆಯಬಹುದೇ?

ಕಾಸರಗೋಡಿನ ಹಳೇ ಕಟ್ಟಡ, ಮೇಲೆ ಕ್ಲಿನಿಕ್ ನಡೆಯುತ್ತಿದೆ, ಕೆಳಗಿನ ಎರಡು ಅಂಗಡಿ ಒಂದಾಗಬೇಕು ಅಂದಿದ್ದೀರಿ. ಮೊದಲು ಗೋಡೆಯ ಮೇಲ್ತುದಿಯಲ್ಲಿ ಒಂದಡಿ ಗಾರೆ ಕೆತ್ತಿ ನೋಡಿ. ಬೀಮ್ ಕಂಡು, ಅದರ ಎರಡೂ ತುದಿ ಪಿಲ್ಲರಿನ ಮೇಲೆ ಕೂತಿದ್ದರೆ ಅದು ಬರೀ ಅಡ್ಡಗೋಡೆ ಇರಬಹುದು. ಸ್ಲ್ಯಾಬ್ ನೇರ ಕೆಂಪುಕಲ್ಲಿನ ಮೇಲೆಯೇ ಕೂತಿದ್ದರೆ ಮುಟ್ಟಬೇಡಿ. ಇಂಜಿನಿಯರ್ ಲೆಕ್ಕ ಹಾಕಿ, ಎರಡೂ ಬದಿ ಜಾಕಿ (ಸ್ಲ್ಯಾಬಿಗೆ ತಾತ್ಕಾಲಿಕ ಆಸರೆಯ ಕಬ್ಬಿಣದ ಕಂಬ) ಕೊಡಿಸಿ, ಸ್ಟೀಲ್ ಬೀಮ್ ಕೂರಿಸಿದ ಮೇಲಷ್ಟೇ ಕೆಡಹುವುದು. ಜಾಕಿಯಡಿಗೆ ದಪ್ಪ ಹಲಗೆ ಬೇಕು, ಟೈಲ್ಸ್ ಮೇಲೆ ಹಾಗೇ ನಿಲ್ಲಿಸಿದರೆ ಒಡೆದು ಜಾರುತ್ತದೆ.

ಗೋಡೆ ಒಡೆಯುವ ಬ್ರೇಕರ್ ಯಂತ್ರ ಬೇಡವೇ ಬೇಡ, ಅದುರಿ ಮೇಲಿನ ಗಾರೆ ಬಿರಿಯುತ್ತದೆ. ಅಂಚನ್ನು ಗ್ರೈಂಡರಿನಲ್ಲಿ ಕೊಯ್ದು, ಮೇಲಿನ ಸಾಲಿನಿಂದ ಒಂದೊಂದೇ ಕಲ್ಲು ಬಿಡಿಸಿ. (ಇಡಿಯಾಗಿ ಬಂದ ಕಲ್ಲು ಕಂಪೌಂಡಿಗಾದೀತು.) ಗೋಡೆಯೊಳಗೆ ಕ್ಲಿನಿಕ್ಕಿನ ವಯರೂ ಇರಬಹುದು, ನಿಮ್ಮ ಮೈನ್ ಒಂದೇ ಆಫ್ ಮಾಡಿದರೆ ಸಾಲದು.